ನೀರಿಲ್ಲದ ಊರಿನಲ್ಲಿ ಹಡಗಿನ ಚಿಂತೆ

ತೊರವಿಯವನೊಬ್ಬ ಹಡಗಿನ ವಿಷಯ ಬರೆಯಹೊರಟನೆಂದರೆ ಓದುಗರು ನಕ್ಕಾರು. ನಗಲಿ, ಅದರಲ್ಲಿ ತಪ್ಪೇನಿಲ್ಲ. ನಮ್ಮೂರು ವಿಜಾಪುರದ ಪಡುವಣ ಮಗ್ಗುಲಿಗಿದೆ. (ಸರಕಾರದ ಕಾಗದದಲ್ಲಿ ಅದು ವಿಜಯಪುರವಾಗಿದೆ, ನಮ್ಮ ಬಾಯಲ್ಲಿ ಇನ್ನೂ ಆಗಿಲ್ಲ.) ವರುಷಕ್ಕೆ ಆರು ನೂರು ಮಿಲಿಮೀಟರಿನ ಆಸುಪಾಸು ಮಳೆ ಬಿದ್ದರೆ ನಾವು ದೇವರಿಗೆ ಕಾಯಿ ಒಡೆಸುವ ಜನ. ಕಡಲು ನೋಡಬೇಕಾದರೆ ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟವನ್ನು ಇಳಿದು ಅಂಕೋಲೆಯತ್ತ ಹೋಗಬೇಕು. ಹಡಗಿನ ಮಾತು ನಮಗೇಕೆ?

ಆದರೆ ಕೆಲಸ ಮುಗಿದ ದೊಡ್ಡ ವಸ್ತುಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯ ನಡುವೆಯೇ ನಾವು ಹುಟ್ಟಿ ಬೆಳೆದವರು. 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನು ನಮ್ಮೂರ ನೆಲದ ಮೇಲೆ ನವರಸಪುರವೆಂಬ ಹೊಸ ಪಟ್ಟಣವನ್ನು ಕಟ್ಟಲು ತೊಡಗಿದ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಅದನ್ನು ಹಾಳುಗೆಡವಿತು. ಇಪ್ಪತ್ತೈದು ವರುಷ ಬಾಳಿದ ಪಟ್ಟಣದ ಸಂಗೀತ ಮಹಲು ನಾಲ್ಕು ನೂರು ವರುಷಗಳಿಂದ ಮುರಿದುಕೊಂಡೇ ನಿಂತಿದೆ. ಕಲ್ಲು ಮತ್ತು ಗಾರೆಯ ಗುಣ ಅದು. ಯಾರೂ ಗಮನಿಸದಿದ್ದರೂ ನಿಧಾನವಾಗಿ ಸಾಯುತ್ತದೆ.

ಇನ್ನು ಕೋಟೆಯ ಶೇರ್ಜಾ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪನ್ನು ಓದುಗರು ಶಾಲೆಯ ಪ್ರವಾಸದಲ್ಲಿ ನೋಡಿಯೇ ಇದ್ದಾರು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್ನು. 1632ರಲ್ಲಿ ಅದನ್ನು ಪರಾಂಡೆಯ ಕೋಟೆಯಿಂದ ಇಲ್ಲಿಗೆ ಎಳೆದು ತರಲು ಹತ್ತು ಆನೆ, ನಾಲ್ಕು ನೂರು ಎತ್ತು, ನೂರಾರು ಆಳುಗಳು ಬೇಕಾದವೆಂದು ಹೇಳುತ್ತಾರೆ. ಮುಂದೆ ಇಂಗ್ಲಿಷರ ಕಾಲದಲ್ಲಿ, 1854ರಲ್ಲಿ, ಉಪಯೋಗವಿಲ್ಲದ ಸಾಮಾನೆಂದು ಅದನ್ನು ಹರಾಜಿಗಿಟ್ಟರು. ಬಂದ ಸವಾಲು 150 ರೂಪಾಯಿ! ಇಷ್ಟು ಕಡಿಮೆ ಹಣಕ್ಕೆ ಕೊಡಲು ಒಪ್ಪದೆ ಹರಾಜನ್ನು ರದ್ದು ಮಾಡಿದ್ದರಿಂದ ತೋಪು ಉಳಿಯಿತು. ಅದು ಪಂಚಲೋಹದಂಥ ಎರಕ. ಕಬ್ಬಿಣದಂತೆ ತುಕ್ಕು ತಿನ್ನುವುದಿಲ್ಲ. ತಂದು ಇಟ್ಟ ಮೇಲೆ ಅದು ನಮ್ಮಿಂದ ಏನನ್ನೂ ಬೇಡಲಿಲ್ಲ.

ಹಡಗಿಗೆ ಈ ಭಾಗ್ಯವಿಲ್ಲ. ಈ ಮಾತನ್ನು ನನಗೆ ತಿಳಿಸಿಕೊಟ್ಟವರು ನನ್ನ ಸೋದರಮಾವ.

ಅವರೂ ತೊರವಿಯವರೇ. ಹೊಲದಲ್ಲಿ ಜೋಳ ಒಣಗಿದ ಒಂದು ವರುಷ, ಎಪ್ಪತ್ತೆರಡರ ಬರಗಾಲದ ಸುಮಾರಿಗೆ, ಮನೆ ಬಿಟ್ಟು ಹೋಗಿ ನೌಕಾದಳ ಸೇರಿದರು. ಕೃಷ್ಣೆಯಲ್ಲಿ ಕೂಡ ಸರಿಯಾಗಿ ಈಜು ಬಾರದ ಹುಡುಗ ವಿಕ್ರಾಂತದ ಬಾಯ್ಲರ್ ಕೋಣೆಯಲ್ಲಿ ಸ್ಟೋಕರನಾದ. ಅವರು ಸೇರುವ ಹೊತ್ತಿಗೆ ಎಪ್ಪತ್ತೊಂದರ ಯುದ್ಧ ಮುಗಿದಿತ್ತು. ಒಂದು ಬಾಯ್ಲರ್ ಬಿರಿದಿದ್ದರೂ ವಿಕ್ರಾಂತ ಬಂಗಾಳ ಕೊಲ್ಲಿಗೆ ಹೋಗಿ ಚಿತ್ತಗಾಂಗಿನ ಮೇಲೆ ವಿಮಾನ ಹಾರಿಸಿದ ಕಥೆಯನ್ನು ಹಿರಿಯರ ಬಾಯಿಂದ ಕೇಳಿದ್ದಷ್ಟೇ ಅವರ ಪಾಲಿಗೆ ಬಂದ ಯುದ್ಧ. ಉಳಿದ ಕಾಲವೆಲ್ಲ ಉಗಿ, ಎಣ್ಣೆ, ಬೆವರು ಮತ್ತು ತುಕ್ಕು. ಸುಟ್ಟ ಗುರುತು ಎಡ ಮೊಳಕೈ ಮೇಲೆ ಇಂದಿಗೂ ಇದೆ. ನಿವೃತ್ತರಾಗಿ ಊರಿಗೆ ಬಂದು ಎರಡು ಎಮ್ಮೆ ಕಟ್ಟಿಕೊಂಡು ಕುಳಿತರು.

ವಿಕ್ರಾಂತದ ಕಥೆಯ ಕೊನೆ ಎಲ್ಲರಿಗೂ ಗೊತ್ತು. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟಿನಲ್ಲಿ ನಮ್ಮ ಧ್ವಜ ಏರಿಸಿಕೊಂಡ ಹಡಗು 1997ರ ಜನವರಿ 31ರಂದು ಸೇವೆಯಿಂದ ಇಳಿಯಿತು. 2001ರಿಂದ ಮುಂಬಯಿಯಲ್ಲಿ ತೇಲುವ ವಸ್ತುಸಂಗ್ರಹಾಲಯವಾಯಿತು. 2012ರಲ್ಲಿ, ಜನ ಹತ್ತುವುದು ಸುರಕ್ಷಿತವಲ್ಲವೆಂದು ಮುಚ್ಚಿದರು. 2014ರ ಜನವರಿಯಲ್ಲಿ ಹರಾಜು. ಸವಾಲು 60 ಕೋಟಿ ರೂಪಾಯಿ. ಉಳಿಸಬೇಕೆಂದವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಆಗಸ್ಟಿನಲ್ಲಿ ಅಲ್ಲಿಯೂ ಅರ್ಜಿ ಬಿದ್ದುಹೋಯಿತು. ನವೆಂಬರಿನಲ್ಲಿ ಮುಂಬಯಿಯ ದಡದಲ್ಲಿಯೇ ಗ್ಯಾಸ್ ಕಟರುಗಳು ಹತ್ತಿದವು.

ಆ ಸುದ್ದಿಯ ಪತ್ರಿಕೆಯನ್ನು ಹಿಡಿದು ನಾನು ಮಾವನ ಮನೆಗೆ ಹೋದೆ. ಅವರು ನೊಂದಾರು, ಸಮಾಧಾನದ ಎರಡು ಮಾತು ಆಡಬೇಕು ಎಂಬುದು ನನ್ನ ಎಣಿಕೆ. ಅವರು ಎಮ್ಮೆಗೆ ಮೇವು ಹಾಕುತ್ತಿದ್ದರು, ಓದಿಸಿ ಕೇಳಿದರು, ಮೇವಿನ ಸಿವುಡು ಬಿಚ್ಚುತ್ತಲೇ ಹೇಳಿದರು:

"ಛಲೋ ಆತು ಬಿಡಪಾ. ಭಾಳ ದಿನಾ ನರಳಿತ್ತು."

ನನಗೆ ಆಶ್ಚರ್ಯವಾಯಿತು. "ಹಂಗ್ಯಾಕಂತೀರಿ ಮಾಮಾ? ಇಡೀ ದೇಶದಾಗ ಮಂದಿ ಕಣ್ಣೀರ ಹಾಕಾಕತ್ತಾರ."

"ಕಣ್ಣೀರ ಹಾಕಾವ್ರು ಭಾಳ ಮಂದಿ ಅದಾರ ತಮ್ಮಾ. ಬಣ್ಣಾ ಹಚ್ಚಾವ್ರು ಯಾರದಾರ, ಅದನ ಹೇಳು. ಎಮ್ಮಿ ಹಿಂಡೂತನಾ ಎಲ್ಲಾರೂ ಮೇವು ಹಾಕ್ತಾರ. ಗೊಡ್ಡ ಬಿದ್ದ ಮ್ಯಾಲೆ ಹಾಕಾವ ಯಾವ?"

ಆ ದಿನ ಅವರ ಮಾತು ನನಗೆ ಕಠಿಣವೆನಿಸಿತು. ಆದರೆ ಕುಳಿತು ಕೇಳುತ್ತ ಹೋದಂತೆ, ಹಡಗನ್ನು ಉಳಿಸುವುದೆಂದರೆ ಏನೆಂಬುದು ಒಂದೊಂದಾಗಿ ಬಿಚ್ಚಿಕೊಂಡಿತು.

ನೀರಿನಲ್ಲಿರುವ ಹಡಗನ್ನು ನೀರು ಅದರ ಅಡಿಯುದ್ದಕ್ಕೂ ಸಮನಾಗಿ ಹೊತ್ತಿರುತ್ತದೆ. ಅದೇ ನೀರೇ ಅದನ್ನು ತಿನ್ನುತ್ತದೆ ಕೂಡ. ಅದಕ್ಕಾಗಿ ತಳದ ಉಕ್ಕಿಗೆ ಅಲ್ಲಲ್ಲಿ ಸತುವಿನ ಗಟ್ಟಿಗಳನ್ನು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಉಪ್ಪುನೀರು ಉಕ್ಕನ್ನು ಬಿಟ್ಟು ಮೊದಲು ಸತುವನ್ನು ತಿನ್ನುತ್ತದೆ. ದೃಷ್ಟಿ ತಾಗದಿರಲೆಂದು ಬಾಗಿಲಿಗೆ ಕಟ್ಟಿದ ಕುಂಬಳಕಾಯಿಯಂತೆ ಎನ್ನಬಹುದು. ಆ ಸತುವು ತೀರಿದಾಗ ಹೊಸದನ್ನು ಹಾಕಬೇಕು. ಅದಕ್ಕಾಗಿ ಹಡಗನ್ನು ಡ್ರೈ ಡಾಕಿಗೆ ತರಬೇಕು. ಡ್ರೈ ಡಾಕಿನಲ್ಲಿ ಜಾಗಕ್ಕಾಗಿ ದುಡಿಯುವ ಹಡಗುಗಳೇ ಸಾಲು ಹಿಡಿದಿರುತ್ತವೆ. ನೀರಿನ ಗೆರೆ ಇದೆಯಲ್ಲ, ಒಮ್ಮೆ ತೊಯ್ದು ಒಮ್ಮೆ ಒಣಗುವ ಆ ಎರಡು ಮೊಳ, ಅಲ್ಲಿಯೇ ತುಕ್ಕಿಗೆ ಹಬ್ಬ. ದುಡಿಯುವ ಹಡಗಿನಲ್ಲಿ ಇದನ್ನೆಲ್ಲ ನೋಡಲು ನೂರಾರು ಕೈಗಳಿರುತ್ತವೆ. ನಿವೃತ್ತ ಹಡಗಿನಿಂದ ಮೊದಲು ಇಳಿದು ಹೋಗುವುದೇ ಆ ಕೈಗಳು.

ಹಾಗಾದರೆ ದಡಕ್ಕೆ ಎಳೆದುಬಿಡಬಾರದೇ? ಎಳೆಯಬಹುದು, ಆದರೆ ಅಲ್ಲಿ ಬೇರೆ ಕಷ್ಟ. ನೀರು ಸಮನಾಗಿ ಹೊತ್ತಿದ್ದ ಭಾರ ಈಗ ಕೆಳಗಿಟ್ಟ ಕೆಲವೇ ಕಟ್ಟೆಗಳ ಮೇಲೆ ಬೀಳುತ್ತದೆ. ಕಟ್ಟೆ ಕಟ್ಟೆಗಳ ನಡುವೆ ಹೊಟ್ಟೆ ಜೋಲುತ್ತದೆ, ತಗಡು ಬಾಗುತ್ತದೆ, ಬೆಸುಗೆ ಬಿಡುತ್ತದೆ. ಕಡಲಿನಲ್ಲಿ ಪಂಪು ಹಚ್ಚಿ ಹೊರಚೆಲ್ಲುತ್ತಿದ್ದ ನೀರು ಇಲ್ಲಿ ಮಳೆಯಾಗಿ ಬಂದು ಮೂಲೆಮೂಲೆಯಲ್ಲಿ ನಿಲ್ಲುತ್ತದೆ. ಒಳಗಿನಿಂದ ಹೊರಕ್ಕೆ ತುಕ್ಕು ನಡೆಯುತ್ತದೆ. ಉಕ್ಕು ಮತ್ತು ಅಲ್ಯೂಮಿನಿಯಂ ಎರಡೂ ಕೂಡಿದ ಕಡೆ ಉಪ್ಪುಗಾಳಿ ತಾಕಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಸತುವಿನ ಉಪಾಯವೂ ನೀರಿನೊಳಗೆ ಮಾತ್ರ. ಗಾಳಿಯಲ್ಲಿ ಅದು ನಡೆಯದು. ಒಟ್ಟಿನಲ್ಲಿ, ನೀರಿಗಾಗಿ ಹುಟ್ಟಿದ ವಸ್ತುವಿಗೆ ನೀರೂ ಶತ್ರು, ನೆಲವೂ ಶತ್ರು.

ಅಳತೆಯೂ ಒಂದು ಮಾತು. ಗೋಲಗುಮ್ಮಟದ ಒಂದು ಬದಿ ಹೊರಗಿನಿಂದ 47 ಮೀಟರಿಗೆ ತುಸು ಹೆಚ್ಚು. ಅಂಥ ನಾಲ್ಕು ಗುಮ್ಮಟಗಳನ್ನು ಸಾಲಾಗಿ ನಿಲ್ಲಿಸಿದರೂ 213 ಮೀಟರಿನ ವಿಕ್ರಾಂತ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ತೂಕ ತುಂಬಿದಾಗ ಸುಮಾರು ಹತ್ತೊಂಬತ್ತೂವರೆ ಸಾವಿರ ಟನ್ನು. ತೋಪಿಗೆ ಹತ್ತು ಆನೆ ಬೇಕಾದ ಲೆಕ್ಕ ಹಿಡಿದರೆ ಇದಕ್ಕೆ ಎಷ್ಟು ಆನೆ? ಲೆಕ್ಕದ ಮಾಸ್ತರರು ಮಾಡಿ ನೋಡಲಿ.

ವಿಕ್ರಾಂತದ ನಂತರ ಬಂದ ವಿರಾಟದ ಲೆಕ್ಕ ಇನ್ನೂ ಸ್ಪಷ್ಟ. 2017ರಲ್ಲಿ ಅದು ಸೇವೆಯಿಂದ ಇಳಿಯಿತು. ಆಂಧ್ರದವರು ಬೇಕೆಂದರು, ಮಹಾರಾಷ್ಟ್ರ ಸರಕಾರ 2018ರಲ್ಲಿ ಸಿಂಧುದುರ್ಗದ ಕಡಲಿನಲ್ಲಿ ಅದನ್ನು ನೆಲೆಗೊಳಿಸಲು 852 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯಾವುದೂ ಕೈಗೂಡಲಿಲ್ಲ. 2020ರಲ್ಲಿ 38 ಕೋಟಿ ಚಿಲ್ಲರೆಗೆ ಗುಜರಾತಿನ ಅಲಂಗದ ಒಡೆಯುವ ಕಟ್ಟೆಗೆ ಹೋಯಿತು. ಒಡೆದರೆ ಬರುವುದು 38, ಉಳಿಸಿದರೆ ಹೋಗುವುದು 852. ಕಿರಾಣಿ ಅಂಗಡಿಯ ಹುಡುಗನೂ ಮಾಡಬಲ್ಲ ಈ ಲೆಕ್ಕದ ಎದುರು ಭಾವನೆ ಎಷ್ಟು ಹೊತ್ತು ನಿಂತೀತು?

ಹಾಗೆಂದು ಮಾವನ ಎದೆ ಕಲ್ಲೆಂದು ಯಾರೂ ತಿಳಿಯಬಾರದು. 2016ರಲ್ಲಿ ಬಜಾಜ್ ಕಂಪನಿಯವರು ವಿಕ್ರಾಂತದ ಉಕ್ಕನ್ನು ಕೊಂಡು ಕರಗಿಸಿ ಒಂದು ಮೋಟಾರ್ ಸೈಕಲ್ಲಿಗೆ ಸೇರಿಸಿದರು. ನಮ್ಮ ಓಣಿಯ ಹುಡುಗನೊಬ್ಬ ಅದನ್ನು ಕೊಂಡು ತಂದು, ಹೂಮಾಲೆ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ. ಮಾವ ಹೋಗಿ ಅದರ ಪೆಟ್ರೋಲ್ ಟಾಂಕಿಯ ಮೇಲೆ ಅಂಗೈ ಇಟ್ಟು ನಿಂತರು. ಎಮ್ಮೆಯ ಮೈ ಕಾವು ನೋಡುವವರಂತೆ ಬಹಳ ಹೊತ್ತು ನಿಂತರು. ಹುಡುಗ, "ಯಾಕ್ರಿ ಅಜ್ಜಾ, ಗಾಡಿ ಚಲೋ ಐತೇನ್ರಿ?" ಎಂದ. "ಐತಿ. ಮಳ್ಯಾಗ ನಿಲ್ಲಸಬ್ಯಾಡ ತಮ್ಮಾ, ತುಕ್ಕ ಹಿಡೀತೈತಿ" ಎಂದಷ್ಟೇ ಹೇಳಿ ಬಂದುಬಿಟ್ಟರು.

ಇದಾದ ಮರುವರುಷ ನಾನು ಅವರನ್ನು ಕಾರವಾರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ರವೀಂದ್ರನಾಥ ಟಾಗೋರರ ಹೆಸರಿನ ಕಡಲತೀರದಲ್ಲಿ, ಹೆದ್ದಾರಿಯ ಮಗ್ಗುಲಿಗೆ, 'ಚಪಲ' ಎಂಬ ಕ್ಷಿಪಣಿ ದೋಣಿ ನೆಲದ ಮೇಲೆ ನಿಂತಿದೆ. ಕರ್ನಾಟಕದ ಮಟ್ಟಿಗೆ ಹಡಗನ್ನು ಉಳಿಸಿದ ಕಥೆ ಎಂದರೆ ಇದೇ. 1976ರ ನವೆಂಬರಿನಲ್ಲಿ ಸೇವೆಗೆ ಸೇರಿ, 2005ರ ಮೇ ತಿಂಗಳಲ್ಲಿ ನಿವೃತ್ತಿ ಹೊಂದಿದ ರಷ್ಯದ ಮಾದರಿಯ ದೋಣಿ. ಅದೇ ತಿಂಗಳ ಕೊನೆಗೆ ಕಾರವಾರದ ಹೊಸ ನೌಕಾನೆಲೆ 'ಕದಂಬ' ಸೇವೆಗೆ ಸೇರಿತು. 2006ರಲ್ಲಿ ಚಪಲ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು. ಉದ್ದ 39 ಮೀಟರಿಗೆ ತುಸು ಕಡಿಮೆ, ತೂಕ ತುಂಬಿದಾಗ ಸುಮಾರು 245 ಟನ್ನು. ವಿಕ್ರಾಂತದ ಮುಂದೆ ಇದು ಆನೆಯ ಮುಂದಿನ ಆಡು. ಆಡಾದ್ದರಿಂದಲೇ ಉಳಿಯಿತು ಎನ್ನಬೇಕು.

ದೋಣಿಯನ್ನು ನೋಡಲು ಬಂದವರಲ್ಲಿ ಒಬ್ಬರು ತಮ್ಮ ಮಕ್ಕಳಿಗೆ, ಎಪ್ಪತ್ತೊಂದರಲ್ಲಿ ಕರಾಚಿಗೆ ಬೆಂಕಿ ಇಟ್ಟ ಹಡಗು ಇದೇ ಎಂದು ಹೇಳುತ್ತಿದ್ದರು. ಇಂಥ ಮಾತು ಅಲ್ಲಲ್ಲಿ ಅಚ್ಚಿನಲ್ಲಿಯೂ ಕಾಣುತ್ತದೆ. ನಿಜವೆಂದರೆ 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಹೋದವು ನಿಪಾತ, ನಿರ್ಘಾತ, ವೀರ ಎಂಬ ದೋಣಿಗಳು. ಚಪಲ ಐದು ವರುಷದ ನಂತರ ಬಂದ ಅವುಗಳ ತಂಗಿ. ತಂಗಿಯ ಎದುರು ನಿಂತು ಅಕ್ಕಂದಿರ ಕಥೆ ಹೇಳುವುದರಲ್ಲಿ ದೋಷವಿಲ್ಲ. ಅಕ್ಕಂದಿರ ಕಥೆಯೆಂದು ಹೇಳಿದರಾಯಿತು. ಹಡಗಿನ ತಗಡಿನಂತೆ ಅದರ ಚರಿತ್ರೆಯನ್ನೂ ಆಗಾಗ ಕೆರೆದು ಶುಚಿ ಮಾಡಬೇಕಾಗುತ್ತದೆ.

ಒಳಗೆ ನಾವಿಕರ ಗೊಂಬೆಗಳನ್ನು ನಿಲ್ಲಿಸಿದ್ದಾರೆ. ನಾನು ಅವನ್ನೆಲ್ಲ ನೋಡಿ ಹೊರಗೆ ಬಂದರೆ ಮಾವ ಕಾಣಲಿಲ್ಲ. ಹುಡುಕಿದರೆ, ಹಡಗಿನ ನೆರಳಿನಲ್ಲಿ, ತಗಡು ಕೆರೆಯುತ್ತಿದ್ದ ಒಬ್ಬ ಕೂಲಿಯವನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತಿದ್ದಾರೆ! ಅವನ ಕೈಯ ಸುತ್ತಿಗೆಯನ್ನು ಇಸಿದುಕೊಂಡು, ತುಕ್ಕಿನ ಪೊರೆಯನ್ನು ಉಕ್ಕಿಗೆ ಪೆಟ್ಟಾಗದಂತೆ ಎಬ್ಬಿಸುವುದು ಹೇಗೆಂದು ತೋರಿಸುತ್ತಿದ್ದಾರೆ. ಅವನದು ಕಾರವಾರದ ಕೊಂಕಣಿ ಬೆರೆತ ಕನ್ನಡ, ಇವರದು ತೊರವಿಯ ಕನ್ನಡ. ಇಬ್ಬರಿಗೂ ತೊಡಕಾದಂತೆ ಕಾಣಲಿಲ್ಲ. ಹೊಸ ಬಣ್ಣದ ಮೇಲೆ ಕೈಯಾಡಿಸಿ, "ಇಲ್ಲೆ ಯಾರೋ ದುಡದಾರಪಾ" ಎಂದು ಮೆಚ್ಚಿಕೊಂಡರು. ವರುಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ, ಕಡಲಿನ ಉಪ್ಪುಗಾಳಿಗೆ ಎದುರಾಗಿ, ಆ ಸುತ್ತಿಗೆಯ ಟಕ್ ಟಕ್ ಸದ್ದೇ ಹಡಗಿನ ಉಸಿರು ಎಂದು ನನಗೆ ಆಗ ಹೊಳೆಯಿತು.

ದೊಡ್ಡದನ್ನು ಸ್ಥಳಾಂತರಿಸಿದ ಉದಾಹರಣೆಯೂ ನಮ್ಮ ದೇಶದಲ್ಲಿದೆ. ವಿಶಾಖಪಟ್ಟಣದ ಕಡಲತೀರದ 'ಕುರ್ಸುರಾ' ಜಲಾಂತರ್ಗಾಮಿ 91 ಮೀಟರು ಉದ್ದ. 2001ರಲ್ಲಿ ಅದು ನಿವೃತ್ತವಾದಾಗ ಅದನ್ನು ಕಡಲಿನಿಂದ ದಡಕ್ಕೆ ತಂದು, ಕೊನೆಯ ಸುಮಾರು ಆರು ನೂರು ಮೀಟರು ಎಳೆದು ನೆಲೆಗೊಳಿಸಿದರು. ಇಡೀ ಕೆಲಸಕ್ಕೆ ಹಿಡಿದ ಕಾಲ ಒಂದೂವರೆ ವರುಷ, ಖರ್ಚು ಸುಮಾರು ಐದೂವರೆ ಕೋಟಿ. ಅಲ್ಲಿಯ ವಿಶೇಷವೆಂದರೆ ನಿವೃತ್ತ ನಾವಿಕರೇ ಬಂದವರಿಗೆ ದಾರಿ ತೋರಿಸುತ್ತಾರೆ. ಹಡಗಿನಿಂದ ಇಳಿದುಹೋದ ಕೈಗಳಲ್ಲಿ ಕೆಲವನ್ನಾದರೂ ಮರಳಿ ಕರೆದಂತಾಯಿತು.

ಹೊರದೇಶದವರ ಸಾಹಸಗಳನ್ನು ಓದಿದರೆ ಬೆರಗಾಗುತ್ತದೆ. 1628ರಲ್ಲಿ ಮುಳುಗಿದ 'ವಾಸಾ' ಎಂಬ ಮರದ ಹಡಗನ್ನು ಸ್ವೀಡನ್ನಿನವರು 1961ರಲ್ಲಿ ಮೇಲೆತ್ತಿದರು. ಮರ ಒಣಗಿ ಬಿರಿಯಬಾರದೆಂದು ಹದಿನೇಳು ವರುಷ ಅದರ ಮೇಲೆ ಔಷಧದ ನೀರು ಸಿಂಪಡಿಸಿದರು. ಹದಿನೇಳು ವರುಷ! ಇಂಗ್ಲಂಡಿನ 'ಗ್ರೇಟ್ ಬ್ರಿಟನ್' ಎಂಬ 1843ರ ಕಬ್ಬಿಣದ ಹಡಗು ಫಾಕ್ಲೆಂಡ್ ದ್ವೀಪಗಳ ಕೊಲ್ಲಿಯೊಂದರಲ್ಲಿ ಹಾಳು ಬಿದ್ದಿತ್ತು. 1970ರಲ್ಲಿ ಅದನ್ನು ತೆಪ್ಪದ ಮೇಲೇರಿಸಿ, ಅಟ್ಲಾಂಟಿಕ್ ದಾಟಿಸಿ, ಹುಟ್ಟಿದ ಬ್ರಿಸ್ಟಲಿನ ಅದೇ ಡಾಕಿಗೆ ತಂದು ಮುಟ್ಟಿಸಿದರು. ಇಂದು ಅದರ ತಳದ ಸುತ್ತ ಗಾಜಿನ ಚಾವಣಿ ಹಾಕಿ, ಯಂತ್ರಗಳಿಂದ ಒಳಗಿನ ಗಾಳಿಯನ್ನು ಮರುಭೂಮಿಯ ಗಾಳಿಯಂತೆ ಒಣಗಿಸಿ ಇಟ್ಟಿದ್ದಾರೆ. ಯಂತ್ರ ನಿಂತರೆ ತುಕ್ಕು ಮತ್ತೆ ಏಳುತ್ತದೆ. ಅಂದರೆ ಹಡಗು ದಡ ಸೇರಿದ ದಿನ ಕೆಲಸ ಮುಗಿಯಲಿಲ್ಲ, ಆರಂಭವಾಯಿತು.

ಇದನ್ನೆಲ್ಲ ಯೋಚಿಸುವಾಗ ನನಗೆ ನಮ್ಮ ಕಡೆಯ ಹಳೆಯ ಶಾಸನಗಳ ನೆನಪು ಬರುತ್ತದೆ. ಚಾಲುಕ್ಯರ ಕಾಲದ ಯಾವ ದೇವಾಲಯದ ಶಾಸನ ತೆಗೆದರೂ, ಕಟ್ಟಿಸಿದವನ ಹೊಗಳಿಕೆ ಮುಗಿದ ಮೇಲೆ ದತ್ತಿಯ ವಿವರ ಬರುತ್ತದೆ: ನಂದಾದೀವಿಗೆಯ ಎಣ್ಣೆಗೆ ಇಷ್ಟು, ಪೂಜೆ ಮಾಡುವವನಿಗೆ ಇಷ್ಟು, ಮತ್ತು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಇಷ್ಟು ಮತ್ತರು ಭೂಮಿ. ಖಂಡವಾದದ್ದು ಎಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು. ಗುಡಿ ಹೊಸದಾಗಿರುವಾಗಲೇ, ಕಳಸ ಏರಿದ ದಿನವೇ, ಇದು ಮುಂದೆ ಮುರಿದೀತು, ಬಿರಿದೀತು ಎಂದು ಒಪ್ಪಿಕೊಂಡು ಅದಕ್ಕೆ ಹೊಲ ಬಿಟ್ಟುಕೊಟ್ಟವರು ನಮ್ಮ ಹಿರಿಯರು. ದೊರೆ ಸತ್ತರೂ ಹೊಲ ಬೆಳೆಯುತ್ತಿತ್ತು. ಹೊಲ ಬೆಳೆದರೆ ಗಾರೆಯವನಿಗೆ ಕೂಲಿ ಸಿಗುತ್ತಿತ್ತು.

ವಿಕ್ರಾಂತಕ್ಕೆ ಕೊರತೆಯಾದದ್ದು ಗೌರವವಲ್ಲ, ಈ ದತ್ತಿ. ಹಡಗು ಬೇಕೆಂದು ಕೇಳುವ ಊರುಗಳಿಗೆ, ಸರಕಾರಗಳಿಗೆ, ಮನವಿಗೆ ಸಹಿ ಹಾಕುವ ನಮ್ಮಂಥ ಓದುಗರಿಗೆ ನನ್ನ ಬಿನ್ನಹ ಇಷ್ಟೇ. ಎಲ್ಲವನ್ನೂ ಉಳಿಸುವ ಆಸೆ ಬೇಡ. ಕೆಲವು ಹಡಗುಗಳು ಒಡೆಯಲಿ, ಅವುಗಳ ಉಕ್ಕು ಲೋಕದ ಉಪಯೋಗಕ್ಕೆ ಬರಲಿ. ಉಳಿಸುವುದಾದರೆ ನಮ್ಮ ಕೈಯಳತೆಗೆ ಹೊಂದುವುದನ್ನು ಆರಿಸೋಣ. ಅದನ್ನು ಎಳೆದು ತರುವ ಖರ್ಚಿನ ಪಟ್ಟಿಯ ಕೆಳಗೆ, ತಂದ ಮೇಲೆ ವರುಷ ವರುಷವೂ ತುಕ್ಕು ಕೆರೆಯುವವನ ಕೂಲಿಯನ್ನು ಬರೆಯೋಣ. ಆ ಹಣದ ದಾರಿ ಗೊತ್ತಾದ ಮೇಲೆಯೇ ಉದ್ಘಾಟನೆಯ ದಿನ ಗೊತ್ತು ಮಾಡೋಣ. ಕಾರವಾರದ ಚಪಲ ಚಿಕ್ಕದು. ಆದರೆ ಅದನ್ನು ಈ ರೀತಿ ನೂರು ವರುಷ ನಿಲ್ಲಿಸಿ ತೋರಿಸಿದರೆ, ಮುಂದೆ ದೊಡ್ಡದೊಂದು ಹಡಗನ್ನು ಕೇಳುವ ಬಾಯಿ ನಮಗೆ ಬಂದೀತು.